ಉಕ್ಕಿನ ಗೋಡೆಗೆ ಪರೀಕ್ಷೆಯೇ ಬಂಡವಾಳ

ನೆಲ ನಡುಗುವ ಅನುಭವ ಕೋಲಾರ ಚಿನ್ನದ ಗಣಿ ಪ್ರದೇಶಕ್ಕೆ ಹೊಸದಲ್ಲ. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದಿದ್ದ ಚಾಂಪಿಯನ್ ರೀಫ್ ಗಣಿಯಲ್ಲಿ ಬಂಡೆಗಳು ದೊಡ್ಡದಾಗಿ ಸಿಡಿದಾಗ ಮೇಲಿನ ಕಟ್ಟಡಗಳೂ ಅದುರುತ್ತಿದ್ದವು. ಗಣಿಗಳು 2001ರಲ್ಲಿ ಮುಚ್ಚಿದವು. ಅದೇ ವರ್ಷ ಜನವರಿ 26ರ ಭುಜ್ ಭೂಕಂಪಕ್ಕೆ 13,000ಕ್ಕೂ ಹೆಚ್ಚು ಮಂದಿ ಬಲಿಯಾದರು. ಗಣಿಯ ತರುವಾಯ ಈ ಸೀಮೆಯಲ್ಲಿ ಉಳಿದಿರುವುದು ಉಕ್ಕನ್ನು ಕತ್ತರಿಸಿ ಬೆಸೆಯುವ ಕೌಶಲ. ಭೂಕಂಪ ನಿರೋಧಕ ಕಟ್ಟಡಗಳ ಉಕ್ಕಿನ ಫಲಕದ ಗೋಡೆಗಳು ಈ ಕೌಶಲಕ್ಕೆ ಹೊಸ ಮಾರುಕಟ್ಟೆಯಾಗಬಲ್ಲವು. ಆದರೆ ಪರೀಕ್ಷೆಯಿಲ್ಲದೆ ಆ ಮಾರುಕಟ್ಟೆಗೆ ಪ್ರವೇಶವಿಲ್ಲ.

ಈ ಗೋಡೆಯ ತತ್ತ್ವ ಸರಳವಾದುದು. ಕಂಬ ಮತ್ತು ತೊಲೆಗಳ ಚೌಕಟ್ಟಿನೊಳಗೆ ತೆಳುವಾದ ಉಕ್ಕಿನ ಫಲಕವನ್ನು ಬೆಸೆಯಲಾಗುತ್ತದೆ. ಕಟ್ಟಡ ಓಲಾಡಿದಾಗ ಫಲಕವು ಕರ್ಣರೇಖೆಯಲ್ಲಿ ಸುಕ್ಕುಗಟ್ಟಿ, ಹಿಗ್ಗಿ, ಕಂಪನದ ಶಕ್ತಿಯನ್ನು ಹೀರಿಕೊಳ್ಳುತ್ತದೆ. 1995ರ ಭೂಕಂಪದಲ್ಲಿ ಇಂತಹ ಗೋಡೆಗಳಿದ್ದ ಜಪಾನಿನ ಕೋಬೆ ನಗರದ 35 ಅಂತಸ್ತಿನ ಕಟ್ಟಡ ಅಲ್ಪ ಹಾನಿಯೊಂದಿಗೆ ಉಳಿಯಿತು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯವು 1990ರ ದಶಕದಲ್ಲಿ ನಾಲ್ಕು ಅಂತಸ್ತಿನ ಮಾದರಿಯೊಂದನ್ನು ಜಾಕ್‌ಗಳಿಂದ ಹಿಂದೆ ಮುಂದೆ ತಳ್ಳಿ ಪರೀಕ್ಷಿಸಿತು. ಉಕ್ಕು ಮಣಿಯತೊಡಗಿದಾಗಿನ ಬಾಗುವಿಕೆಯ ಒಂಬತ್ತು ಪಟ್ಟಿನವರೆಗೂ ಅದರ ಕೆಳ ಅಂತಸ್ತು ತಾಳಿತು.

ವರ್ತಕರು ಗಮನಿಸಬೇಕಾದ ಸಂಗತಿ ಇಲ್ಲಿದೆ. ಸಾಮಾನ್ಯ ವ್ಯಾಪಾರದಲ್ಲಿ ಹೇಳಿದ್ದಕ್ಕಿಂತ ಬಲವಾದ ಉಕ್ಕು ಕೊಟ್ಟರೆ ಗ್ರಾಹಕನಿಗೆ ಲಾಭ. ಇಲ್ಲಿ ಹಾಗಲ್ಲ. ಫಲಕ ಮೊದಲು ಮಣಿಯಬೇಕು, ಕಂಬ ನಿಲ್ಲಬೇಕು. ಫಲಕ ಲೆಕ್ಕಕ್ಕಿಂತ ಗಟ್ಟಿಯಾದರೆ ಹೊರೆ ಕಂಬಕ್ಕೂ ಬೆಸುಗೆಗೂ ವರ್ಗವಾಗುತ್ತದೆ. ಐಎಸ್ 2062ರ ಇ250 ದರ್ಜೆಯಲ್ಲಿ 250 ಎಂಬುದು ಕನಿಷ್ಠ ಮಿತಿ ಮಾತ್ರ. ಆದುದರಿಂದ ದರ್ಜೆಯ ಹೆಸರು ಸಾಲದು. ಪ್ರತಿ ತಂಡದ ಉಕ್ಕಿನ ನೈಜ ಬಲ ಮತ್ತು ಬೆಸುಗೆಯ ಗುಣ ಎರಡೂ ದಾಖಲೆಯಲ್ಲಿರಬೇಕು.

ಕರ್ನಾಟಕದ ಜಿಲ್ಲೆಗಳು 2002 ಮತ್ತು 2016ರ ಭೂಕಂಪ ಸಂಹಿತೆಗಳಲ್ಲಿ ಕಡಿಮೆ ಅಪಾಯದ 2 ಮತ್ತು 3ನೇ ವಲಯಗಳಲ್ಲಿವೆ, ಇಷ್ಟು ವೆಚ್ಚವೇಕೆ ಎಂಬ ಆಕ್ಷೇಪ ಸಹಜ. ಆದರೆ ಸರಕು ಜಿಲ್ಲೆಯ ಗಡಿಯಲ್ಲಿ ನಿಲ್ಲುವುದಿಲ್ಲ. ಬಂಗಾರಪೇಟೆ ಜಂಕ್ಷನ್ನಿನಿಂದ ಅದು ಗುಜರಾತಿಗೂ ಅಸ್ಸಾಮಿಗೂ ಹೋಗಬಲ್ಲದು.

ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯ ಕಂಪನ ವೇದಿಕೆ 3 ಮೀಟರ್ ಚೌಕದ್ದು, 10 ಟನ್ ಹೊರಬಲ್ಲದು. ಸಣ್ಣ ಮಾದರಿಗಳಿಗೆ ಅದು ಸಮೀಪದ ಆಸರೆ. ಆದರೂ ಮಾದರಿ ತಯಾರಿಕೆ, ಸಾಗಣೆ, ಶುಲ್ಕಗಳನ್ನು ಒಂದೇ ಘಟಕ ಭರಿಸುವುದು ಕಷ್ಟ. ಹತ್ತು ಘಟಕಗಳು ಕೂಡಿದರೆ ಹೊರೆ ಹಗುರ. ಸಣ್ಣ ಉದ್ಯಮಗಳ ಕ್ಲಸ್ಟರ್ ಅಭಿವೃದ್ಧಿ ಯೋಜನೆಯಲ್ಲಿ ಸಾಮಾನ್ಯ ಪರೀಕ್ಷಾ ಸೌಲಭ್ಯಕ್ಕೂ ಅವಕಾಶವಿದೆ. ಬೆಸುಗೆ ಪರೀಕ್ಷೆಯಿಂದಲೇ ಆರಂಭಿಸುವುದು ವಿವೇಕ. ಅದು ಬಾಯ್ಲರಿಗೂ ಸೇತುವೆಗೂ ಬೇಕಾದುದೇ.

ಪರೀಕ್ಷೆಯ ವೆಚ್ಚ ಲೆಕ್ಕಪುಸ್ತಕದಲ್ಲಿ ಇಂದೇ ಕಾಣುತ್ತದೆ. ಪರೀಕ್ಷಿಸದ ಬೆಸುಗೆಯ ಹೊಣೆ ಕಾಣುವುದಿಲ್ಲ. ನೆಲ ನಡುಗಿದ ದಿನ ಅದನ್ನು ತೀರಿಸುವವರು ಆ ಕಟ್ಟಡದೊಳಗಿನ ಜನ. ಘಟಕಗಳನ್ನು ಒಗ್ಗೂಡಿಸುವ ಕಾರ್ಯವನ್ನು ವಾಣಿಜ್ಯ ಸಂಸ್ಥೆಯೇ ವಹಿಸಿಕೊಳ್ಳುವುದು ಉಚಿತ.