ಮಧ್ಯಾಹ್ನ ಮರಳಬಹುದಾದ ಕೋಣೆ

ಎರಡು ಮೂರು ದಿನದ ಬಿಡುವು ಮಾಡಿಕೊಂಡು ಮಹಾನಗರಕ್ಕೆ ಹೊರಡುವವರು ಹೋಟೆಲ್ ಹುಡುಕುವಾಗ ಸಾಮಾನ್ಯವಾಗಿ ಮನಸ್ಸಿನಲ್ಲೇ ಒಂದು ತಕ್ಕಡಿ ಹಿಡಿಯುತ್ತಾರೆ. ಒಂದು ತಟ್ಟೆಯಲ್ಲಿ ಅಗಲವಾದ ಕೋಣೆ, ಮೆತ್ತನೆಯ ಹಾಸಿಗೆ, ಬಿಸಿನೀರು, ಬೆಳಗಿನ ತಿಂಡಿ. ಇನ್ನೊಂದರಲ್ಲಿ ನೋಡಬೇಕಾದ ಸ್ಥಳಗಳಿಗಿರುವ ದೂರ. ಒಂದು ಮೇಲೇರಿದರೆ ಇನ್ನೊಂದು ಕೆಳಗಿಳಿಯಲೇಬೇಕು ಎಂಬ ನಂಬಿಕೆಯಿಂದ, ಬಹಳ ಮಂದಿ ಸೌಕರ್ಯದ ಕಡೆಗೆ ವಾಲಿ ಊರಾಚೆಯ ದೊಡ್ಡ ಕೋಣೆಯನ್ನು ಹಿಡಿಯುತ್ತಾರೆ. ಈ ಲೆಕ್ಕದ ಬುಡವೇ ಸರಿಯಿಲ್ಲ. ಅಲ್ಪಾವಧಿಯ ಪ್ರವಾಸದಲ್ಲಿ ಜಾಗವೇ ಸೌಕರ್ಯದ ಮೊದಲ ಭಾಗ. ಹೋಟೆಲ್ ಎಷ್ಟು ಅನುಕೂಲದ್ದು ಎಂದು ಅಳೆಯಲು ಒಂದು ಪ್ರಶ್ನೆ ಸಾಕು: ಬೆಳಿಗ್ಗೆ ಸುತ್ತಾಡಿ, ಮಧ್ಯಾಹ್ನ ಕೋಣೆಗೆ ಮರಳಿ ಒಂದೆರಡು ಗಂಟೆ ಕಾಲು ಚಾಚಿ, ಸಂಜೆ ಮತ್ತೆ ಹೊರಡಲು ಆಗುತ್ತದೆಯೇ? ಆಗದಿದ್ದರೆ ಆ ಕೋಣೆ ಎಷ್ಟೇ ಚೆನ್ನಾಗಿದ್ದರೂ ಅದರ ಉಪಯೋಗ ರಾತ್ರಿಯ ನಿದ್ದೆಗಷ್ಟೇ ಸೀಮಿತ.

ಈ ಮಾತನ್ನು ಪರೀಕ್ಷಿಸಲು ಮುಂಬೈಗಿಂತ ಒಳ್ಳೆಯ ಊರು ಸಿಗದು. ಕರ್ನಾಟಕದ ಹಲವು ಭಾಗಗಳಿಂದ ಒಂದು ರಾತ್ರಿಯ ರೈಲು ಅಥವಾ ಬಸ್ಸಿನಲ್ಲಿ ತಲುಪಬಹುದಾದ ಮಹಾನಗರ ಅದು. ದುಂಡಗೆ ಬೆಳೆದ ಊರಲ್ಲ. ದಕ್ಷಿಣದ ಕೊಲಾಬಾದಿಂದ ಉತ್ತರಕ್ಕೆ ಉದ್ದಕ್ಕೆ ಚಾಚಿಕೊಂಡ ನೆಲ. ಪ್ರವಾಸಿ ನೋಡಬಯಸುವುದರಲ್ಲಿ ಹೆಚ್ಚಿನದು ದಕ್ಷಿಣದ ತುದಿಯ ಮೂರು ನಾಲ್ಕು ಕಿಲೋಮೀಟರಿನೊಳಗೇ ಇದೆ. 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್, 2018ರಲ್ಲಿ ಅದೇ ಪಟ್ಟಿಗೆ ಸೇರಿದ ಓವಲ್ ಮೈದಾನದ ಸುತ್ತಲಿನ ವಿಕ್ಟೋರಿಯನ್ ಗಾಥಿಕ್ ಮತ್ತು ಆರ್ಟ್ ಡೆಕೊ ಕಟ್ಟಡಗಳು, ಕಾಲಾ ಘೋಡಾದ ಜಹಾಂಗೀರ್ ಆರ್ಟ್ ಗ್ಯಾಲರಿ, ಅದರ ಪಕ್ಕದ ವಸ್ತುಸಂಗ್ರಹಾಲಯ, ಗೇಟ್‌ವೇ ಆಫ್ ಇಂಡಿಯಾ, ಮರೀನ್ ಡ್ರೈವ್, ಕ್ರಾಫರ್ಡ್ ಮಾರುಕಟ್ಟೆ ಎಲ್ಲವೂ ಅಲ್ಲಲ್ಲೇ. ಎಲಿಫೆಂಟಾ ಗುಹೆಗಳಿಗೆ ದೋಣಿ ಹತ್ತುವುದೂ ಗೇಟ್‌ವೇ ಬಳಿಯಲ್ಲೇ. ಸಮುದ್ರದ ಮೇಲಿನ ದಾರಿ ಸುಮಾರು ಒಂದು ಗಂಟೆ. ಬೆಳಗಿನ ದೋಣಿಗೆ ಹೋದವರು ಬಿಸಿಲೇರಿದ ಹೊತ್ತಿಗೆ ದಣಿದು, ಬೆವರಿ, ಮತ್ತೆ ಗೇಟ್‌ವೇಯಲ್ಲಿ ಇಳಿಯುತ್ತಾರೆ. ಫೋರ್ಟ್‌ನಲ್ಲೋ ಕೊಲಾಬಾದಲ್ಲೋ ಇಳಿದುಕೊಂಡವರು ಹತ್ತು ಹದಿನೈದು ನಿಮಿಷದಲ್ಲಿ ಸ್ನಾನದ ಮನೆಯಲ್ಲಿರುತ್ತಾರೆ; ಸಂಜೆ ಮರೀನ್ ಡ್ರೈವಿಗೆ ಹೊಸ ಹುರುಪಿನಿಂದ ಹೊರಡುತ್ತಾರೆ. ಉತ್ತರದ ಉಪನಗರ ಅಂಧೇರಿಯಲ್ಲಿ ಕೋಣೆ ಹಿಡಿದವರಿಗೆ ದಕ್ಷಿಣದ ಚರ್ಚ್‌ಗೇಟ್ ನಿಲ್ದಾಣದಿಂದ ರೈಲಿನಲ್ಲೇ ಸುಮಾರು 22 ಕಿಲೋಮೀಟರ್. ಹೋಗಿ ಬರುವ ಉಸಾಬರಿ ಬೇಡವೆಂದು ಅವರು ಸಂಜೆಯವರೆಗೂ ಎಲ್ಲೋ ಕೂತು ಕಾಲ ತಳ್ಳುತ್ತಾರೆ, ಇಲ್ಲವೇ ಸಂಜೆಯನ್ನೇ ಕೈಬಿಡುತ್ತಾರೆ.

ದೂರಕ್ಕಿಂತ ಕಷ್ಟದ್ದು ದಿಕ್ಕು. ಮುಂಬೈ ಲೋಕಲ್ ರೈಲುಗಳಲ್ಲಿ ಬೆಳಗಿನ ಜನಸಾಗರ ಇಂದಿಗೂ ಮುಖ್ಯವಾಗಿ ದಕ್ಷಿಣಕ್ಕೆ ಹರಿಯುತ್ತದೆ, ಸಂಜೆಯದು ಉತ್ತರಕ್ಕೆ. ಉಪನಗರದಲ್ಲಿ ತಂಗಿ ದಕ್ಷಿಣ ನೋಡಲು ಹೊರಟವರು ಕಚೇರಿಗೆ ಹೋಗುವವರ ಜೊತೆಯಲ್ಲೇ ನುಗ್ಗಿ, ಅವರ ಜೊತೆಯಲ್ಲೇ ಮರಳಬೇಕು. ದಕ್ಷಿಣದಲ್ಲಿ ತಂಗಿದವರು ಬಾಂದ್ರಾಕ್ಕೋ ಜುಹುವಿಗೋ ಹೋಗುವಾಗ ಹೆಚ್ಚು ಬಿಡುವಿರುವ ಗಾಡಿಯಲ್ಲಿ ಎದುರು ದಿಕ್ಕಿಗೆ ಸಾಗುತ್ತಾರೆ. ವಾರಾಂತ್ಯಕ್ಕೆ ಬಂದವರಿಗೆ ಕಚೇರಿಯ ನೂಕುನುಗ್ಗಲು ಕಾಡದು ಎನ್ನಬಹುದು. ಆದರೆ ಹಳಿ ದುರಸ್ತಿಗೆ ರೈಲ್ವೆ ಆರಿಸಿಕೊಳ್ಳುವುದು ಭಾನುವಾರವನ್ನೇ. ಮೆಗಾಬ್ಲಾಕ್ ಎಂದು ಊರಿನವರು ಕರೆಯುವ ಆ ಹೊತ್ತಿನಲ್ಲಿ ಗಾಡಿಗಳು ಕಡಿಮೆಯಾಗುತ್ತವೆ, ಕೆಲವು ನಿಲ್ದಾಣಗಳಲ್ಲಿ ನಿಲ್ಲುವುದೇ ಇಲ್ಲ. ಬೇರೆ ಊರುಗಳಲ್ಲಿ ಈ ಬಗೆಯ ತೊಡಕು ಬೇರೆ ರೂಪದಲ್ಲಿರುತ್ತದೆ. ಊರಿನ ಜನ ಯಾವ ಹೊತ್ತಿಗೆ ಯಾವ ಕಡೆ ಸಾಗುತ್ತಾರೆ ಎಂಬುದನ್ನು ಕೋಣೆ ಗೊತ್ತುಮಾಡುವ ಮೊದಲೇ ತಿಳಿದುಕೊಳ್ಳಬೇಕು.

ಹೋಟೆಲ್ ಹುಡುಕುವಾಗ ನಾವು ನೆಚ್ಚುವ ಅಳತೆಗಳು ಇದನ್ನು ಹೇಳುವುದಿಲ್ಲ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಕೊಡುವ ನಕ್ಷತ್ರದ ದರ್ಜೆ ಕೋಣೆಯ ಅಳತೆ, ಸ್ನಾನಗೃಹ, ಸಿಬ್ಬಂದಿ, ಸುರಕ್ಷತೆಗಳನ್ನು ನೋಡುತ್ತದೆ. ನೀವು ಎಲ್ಲೆಲ್ಲಿಗೆ ಹೋಗಲಿದ್ದೀರಿ ಎಂಬುದು ಅದಕ್ಕೆ ತಿಳಿಯುವ ಬಗೆಯೇ ಇಲ್ಲ. ಆ ದರ್ಜೆ ಪಡೆಯುವುದು ಕಡ್ಡಾಯವೂ ಅಲ್ಲ. ಗ್ರಾಹಕರು ಕೊಟ್ಟ ಅಂಕಗಳದ್ದೂ ಇದೇ ಕಥೆ. ವಿಮಾನ ನಿಲ್ದಾಣದ ಬಳಿಯ ಹೋಟೆಲಿಗೆ ಮರುದಿನ ಬೆಳಗಿನ ವಿಮಾನ ಹಿಡಿಯುವ ವ್ಯಾಪಾರಿ ತುಂಬು ಅಂಕ ಕೊಡುವುದು ನ್ಯಾಯವೇ, ಆದರೆ ಮಕ್ಕಳ ಜೊತೆ ಊರು ನೋಡಲು ಬಂದವರಿಗೆ ಆ ಅಂಕದಿಂದ ಪ್ರಯೋಜನವಿಲ್ಲ. ನಕ್ಷೆಯ ದೂರವೂ ಮೋಸ ಮಾಡುತ್ತದೆ. ಮುಂಬೈ ಉಪನಗರಗಳ ವಿಳಾಸದಲ್ಲಿ ಪೂರ್ವ, ಪಶ್ಚಿಮ ಎಂದು ಬರೆಯುವುದು ರೈಲು ಹಳಿಯ ಆಚೆ ಈಚೆಯನ್ನು ಸೂಚಿಸಲು. ನಕ್ಷೆಯಲ್ಲಿ ಕೂಗಳತೆಯಲ್ಲಿ ಕಾಣುವ ಸ್ಥಳ ಹಳಿಯ ಆಚೆಗಿದ್ದರೆ ಮೇಲ್ಸೇತುವೆಯನ್ನೋ ಸಬ್‌ವೇಯನ್ನೋ ಹುಡುಕಿಕೊಂಡು ಸುತ್ತಬೇಕು. ಮಳೆಗಾಲದಲ್ಲಿ ಅಂಧೇರಿಯ ಸಬ್‌ವೇ ನೀರು ತುಂಬಿ ಮುಚ್ಚುವುದು ಪ್ರತಿವರ್ಷದ ಸುದ್ದಿ. ಆಟೊಗಳು ಬಾಂದ್ರಾ ಮತ್ತು ಸಯನ್‌ನಿಂದ ದಕ್ಷಿಣಕ್ಕೆ ಬರುವಂತಿಲ್ಲ ಎಂಬ ಸಂಗತಿಯೂ ಹೊರಗಿನವರಿಗೆ ತಡವಾಗಿಯೇ ಗೊತ್ತಾಗುವುದು.

ಮೊದಲ ಆಕ್ಷೇಪ ದುಡ್ಡಿನದು, ಅದು ಹಗುರವಾದುದಲ್ಲ. ದಕ್ಷಿಣ ಮುಂಬೈಯಲ್ಲಿ ಅದೇ ಹಣಕ್ಕೆ ಸಿಗುವ ಕೋಣೆ ಚಿಕ್ಕದು, ಕಟ್ಟಡ ಹಳೆಯದು. ಆದರೆ ಹೋಲಿಸಬೇಕಾದದ್ದು ಬಾಡಿಗೆಯನ್ನು ಮಾತ್ರವಲ್ಲ. ಎರಡು ರಾತ್ರಿಯ ಪ್ರವಾಸದಲ್ಲಿ ನಿದ್ದೆ, ಸ್ನಾನ, ಊಟ ಕಳೆದರೆ ಊರಿಗೆಂದು ಉಳಿಯುವುದು ಇಪ್ಪತ್ತು ಗಂಟೆಯ ಆಸುಪಾಸು. ದಿನಕ್ಕೆ ಮೂರು ಗಂಟೆ ದಾರಿಗೆ ಹೋದರೆ ಎರಡು ದಿನಕ್ಕೆ ಆರು ಗಂಟೆ. ಎಂದರೆ ಪ್ರವಾಸದ ಮೂರನೇ ಒಂದು ಭಾಗಕ್ಕೆ ಹತ್ತಿರ. ರೈಲಿನ ಟಿಕೆಟು, ಬಸ್ಸಿನ ಟಿಕೆಟು, ಪಡೆದ ರಜೆ ಇವೆಲ್ಲವೂ ಆ ಗಂಟೆಗಳಿಗಾಗಿಯೇ ಕೊಟ್ಟ ಬೆಲೆ. ಇದರ ಮೇಲೆ ರಾತ್ರಿ ದಣಿದಾಗ ಹಿಡಿಯುವ ಟ್ಯಾಕ್ಸಿಯ ಬಾಡಿಗೆಯನ್ನೂ ಕೂಡಿಸಬೇಕು. 2025ರ ಸೆಪ್ಟೆಂಬರಿನಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗಳ ಮೇಲಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ, ಅದಕ್ಕಿಂತ ಮೇಲಿನದಕ್ಕೆ ಶೇ. 18 ಇದೆ. ಮಧ್ಯಮ ದರದ ಸಾದಾ ಕೋಣೆಯನ್ನು ಒಳ್ಳೆಯ ಜಾಗದಲ್ಲಿ ಹಿಡಿಯುವವರಿಗೆ ಈಗ ತೆರಿಗೆಯೂ ಅನುಕೂಲವಾಗಿದೆ.

ಎರಡನೆಯ ಆಕ್ಷೇಪ ವಯಸ್ಸಾದವರ, ಮಕ್ಕಳ ಪರವಾದದ್ದು: ಅವರಿಗೆ ಊರಿಗಿಂತ ನೆಮ್ಮದಿಯ ಕೋಣೆ ಮುಖ್ಯವಲ್ಲವೇ? ಹೌದು, ಮತ್ತು ಅದಕ್ಕೇ ಅವರಿಗೆ ಹತ್ತಿರದ ಹೋಟೆಲ್ ಇನ್ನೂ ಹೆಚ್ಚು ಬೇಕು. ಮಂಡಿನೋವಿನವರಿಗೆ, ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗುವವರಿಗೆ, ಮಧ್ಯಾಹ್ನ ಮಲಗದೆ ರಂಪ ಮಾಡುವ ಮಗುವಿಗೆ ದಿನವನ್ನು ಎರಡು ತುಂಡು ಮಾಡಿಕೊಳ್ಳುವುದಕ್ಕಿಂತ ದೊಡ್ಡ ಸೌಕರ್ಯವಿಲ್ಲ. ಹಾಗೆಂದು ಜಾಗವೊಂದಿದ್ದರೆ ಉಳಿದದ್ದೆಲ್ಲ ಕ್ಷಮ್ಯವೆಂದೇನಲ್ಲ. ಹಳೆಯ ಕಟ್ಟಡದಲ್ಲಿ ಲಿಫ್ಟ್ ಇದೆಯೇ, ಇದ್ದರೆ ನೆಲಮಹಡಿಯಿಂದಲೇ ಹತ್ತಬಹುದೇ, ಕಿಟಕಿ ಬೀದಿಗೆ ತೆರೆಯುತ್ತದೆಯೋ ಗಾಳಿ ಬೆಳಕಿಲ್ಲದ ಸಂದಿಗೋ, ರಾತ್ರಿ ಗದ್ದಲವೆಷ್ಟು ಎಂಬುದನ್ನು ಫೋನು ಮಾಡಿ ಕೇಳಿಯೇ ಹಣ ಕಟ್ಟಬೇಕು. ರಾತ್ರಿ ಗಾಡಿಯಲ್ಲಿ ಬೆಳಿಗ್ಗೆ ಬಂದಿಳಿಯುವವರು ಇನ್ನೊಂದನ್ನು ಕೇಳಲೇಬೇಕು: ಕೋಣೆ ಕೈಗೆ ಸಿಗುವುದು ಮಧ್ಯಾಹ್ನವಾದರೆ ಅಲ್ಲಿಯವರೆಗೆ ಸಾಮಾನು ಇಡಲು, ಮುಖ ತೊಳೆಯಲು ವ್ಯವಸ್ಥೆ ಉಂಟೇ? ಸ್ವಚ್ಛತೆ, ಸುರಕ್ಷತೆ, ನಿದ್ದೆ ಈ ಮೂರರಲ್ಲಿ ರಾಜಿ ಬೇಡ. ಕೋಣೆಯ ಅಗಲ, ಈಜುಕೊಳ, ತಿಂಡಿಯ ಬಗೆಗಳಲ್ಲಿ ಧಾರಾಳವಾಗಿ ರಾಜಿಯಾಗಬಹುದು. ಬೀದಿಗೊಂದು ಊಟದ ಮನೆಯಿರುವ ಊರಿನಲ್ಲಿ ತಿಂಡಿಗೆಂದು ಹೋಟೆಲ್ ಆರಿಸುವುದು ವ್ಯರ್ಥ.

ಮೂರನೆಯ ಆಕ್ಷೇಪ ಹೊಸ ಕಾಲದ್ದು. 2025ರ ಅಕ್ಟೋಬರಿನಲ್ಲಿ ಮುಂಬೈ ಮೆಟ್ರೊದ ಮೂರನೇ ಮಾರ್ಗ ಕಫ್ ಪರೇಡಿನವರೆಗೆ ಪೂರ್ತಿ ತೆರೆದುಕೊಂಡಿತು. ಉತ್ತರದ ಆರೆಯಿಂದ ವಿಮಾನ ನಿಲ್ದಾಣ, ದಾದರ್, ಚರ್ಚ್‌ಗೇಟ್ ಹಾದು ದಕ್ಷಿಣದ ತುದಿಗೆ ನೆಲದಡಿಯಲ್ಲೇ ಹೋಗಬಹುದಾದ ಮೇಲೆ ದೂರದ ಮಾತೇಕೆ ಎನ್ನುವವರಿದ್ದಾರೆ. ಈ ವಾದದಲ್ಲಿ ಹುರುಳಿದೆ; ಆದರೆ ಅದು ಬದಲಿಸುವುದು ಒಳ್ಳೆಯ ಜಾಗಗಳ ಪಟ್ಟಿಯನ್ನೇ ಹೊರತು ಅಳತೆಯನ್ನಲ್ಲ. ನಿಲ್ದಾಣಕ್ಕೆ ನಡೆದು ಹೋಗಬಹುದಾದ ಹೋಟೆಲಿಗೆ ಲಾಭ, ಅಲ್ಲಿಂದ ಎರಡು ಕಿಲೋಮೀಟರ್ ದೂರವಿರುವುದಕ್ಕೆ ಅಷ್ಟಾಗಿ ಇಲ್ಲ. ಪ್ರವಾಸಿಗಳ ಬೀದಿಯಲ್ಲೇ ಉಳಿದರೆ ನಿಜವಾದ ಊರು ಕಾಣದು ಎಂಬ ದೂರಿಗೂ ಇಲ್ಲೇ ಉತ್ತರವಿದೆ. ಪಶ್ಚಿಮ ಮತ್ತು ಮಧ್ಯ ರೈಲುಮಾರ್ಗಗಳು ಕೂಡುವ ದಾದರ್, ಅದರ ಪಕ್ಕದ ಮಾಟುಂಗಾ ಪ್ರವಾಸಿ ಬೀದಿಗಳಲ್ಲ. ಹೂವಿನ ಪೇಟೆ, ಉಡುಪಿಯವರ ಊಟದ ಮನೆಗಳು, ಮೈಸೂರು ಅಸೋಸಿಯೇಶನ್ ಎಲ್ಲ ಇರುವ ಬದುಕಿನ ನೆಲೆ. ಅಲ್ಲಿಂದ ದಕ್ಷಿಣಕ್ಕೂ ಉತ್ತರಕ್ಕೂ ಗಾಡಿ ಸಿಗುತ್ತದೆ. ಜುಹು, ಬಾಂದ್ರಾ, ಫೋರ್ಟ್ ಮೂರನ್ನೂ ನೋಡುವವರಿಗೆ ಕೊಲಾಬಾಕ್ಕಿಂತ ದಾದರೇ ಸರಿಯಾದ ಮಧ್ಯ. ಊರಿನ ಮಧ್ಯ ಯಾವುದೆಂದು ನಿಶ್ಚಯಿಸುವುದು ನಿಮ್ಮ ಎರಡು ದಿನದ ಓಡಾಟದ ಪಟ್ಟಿ. ಆದ್ದರಿಂದ ಆ ಪಟ್ಟಿ ಮೊದಲು, ಹೋಟೆಲ್ ಆಮೇಲೆ.

ವಾರಗಟ್ಟಲೆ ತಂಗುವವರಿಗೆ, ಮದುವೆಗೋ ಆಸ್ಪತ್ರೆಗೋ ಬಂದವರಿಗೆ ಈ ವಾದ ಹೀಗೇ ಅನ್ವಯಿಸದು. ಅವರ ದಿನದ ಆಕಾರವೇ ಬೇರೆ. ಕೋಣೆಯಲ್ಲೇ ಕೂತು ವಿಶ್ರಮಿಸಲು ಬಯಸುವವರಿಗಂತೂ ಮಹಾನಗರವೇ ಬೇಕಾಗಿಲ್ಲ, ಚಿಕ್ಕಮಗಳೂರಿನ ತೋಟದ ಮನೆಯೊಂದು ಸಾಕು. ಆದರೆ ಊರು ನೋಡಲೆಂದೇ ಹೊರಟವರು ಹಣ ಕಡಿಮೆ ಬಿದ್ದರೆ ಮೊದಲು ಕೋಣೆಯ ದರ್ಜೆ ಇಳಿಸಲಿ. ಅದೂ ಸಾಲದಿದ್ದರೆ ಒಂದು ರಾತ್ರಿ ಕಡಿಮೆ ಮಾಡಲಿ. ದೂರದಲ್ಲಿ ಕಳೆಯುವ ಮೂರು ರಾತ್ರಿಗಿಂತ ಸರಿಯಾದ ಜಾಗದ ಎರಡು ರಾತ್ರಿಯಲ್ಲಿ ಊರೂ ಹೆಚ್ಚು ಸಿಗುತ್ತದೆ, ವಿಶ್ರಾಂತಿಯೂ ಹೆಚ್ಚು ಸಿಗುತ್ತದೆ.