ನೀ ಯಾರ ಕಡೆ?

ಕಳೆದ ಭಾನುವಾರ ಪೆಟ್ಟಿಗೆ ತೆಗೆದಾಗ ಮಗನ ಹಳೆಯ ಕಿತ್ತಳೆ ಬಣ್ಣದ ಅಂಗಿ ಕೈಗೆ ಬಂತು. ಎಫ್.ಸಿ. ಪುಣೆ ಸಿಟಿ ಎಂಬ ಫುಟ್‌ಬಾಲ್ ಕ್ಲಬ್ಬಿನದು. ತೊಟ್ಟು ನೋಡಿದ, ತೋಳು ಮೊಳಕೈಗೂ ಬರಲಿಲ್ಲ.

ವಾಚಕರಿಗೆ ನೆನಪಿರಬಹುದು. 2018ರ ಮಾರ್ಚಿನಲ್ಲಿ, ಐ.ಎಸ್.ಎಲ್. ಉಪಾಂತ್ಯದಲ್ಲಿ, ಪುಣೆಗೆ ಇದಿರಾದದ್ದು ನಮ್ಮ ಬೆಂಗಳೂರು! ಬಾಲೇವಾಡಿಯಲ್ಲಿ ಗೋಲಿಲ್ಲದೆ ಸಮ. ಕಂಠೀರವದಲ್ಲಿ ಸುನೀಲ್ ಛೇತ್ರಿಯವರೇ ಮೂರು ಗೋಲು ಹೊಡೆದರು, ಪುಣೆಯದು ಒಂದೇ. ನಾನು ಚಪ್ಪಾಳೆ ತಟ್ಟಿದೆ, ಮಗ ಅತ್ತ. “ಅಪ್ಪಾ, ನೀ ಯಾರ ಕಡೆ?” ಎಂದ. ನಿಗಡಿಯಲ್ಲೇ ಹುಟ್ಟಿದವನಿಗೆ ಏನು ಹೇಳಲಿ?

2014ರಲ್ಲಿ ಹುಟ್ಟಿದ ಆ ಕ್ಲಬ್ಬು 2019ರಲ್ಲಿ ಕಣ್ಣು ಮುಚ್ಚಿತು. ಅದರ ಸ್ಥಾನಕ್ಕೆ ಹೈದರಾಬಾದು ಬಂತು. ಅದಕ್ಕೂ ಹಿಂದಿನ, 2007ರ ಪುಣೆ ಎಫ್.ಸಿ., 2012–13ರ ಐ-ಲೀಗಿನಲ್ಲಿ ಎರಡನೆಯ ಸ್ಥಾನ ಗಳಿಸಿಯೂ ಬಾಳಲಿಲ್ಲ. ಧಣಿಗಳು ಕೈಬಿಟ್ಟರೆ ಸಂಬಳದ ಆಟ ನಿಂತಂತೆಯೇ. ನಮ್ಮ ಕನ್ನಡ ಸಂಘಕ್ಕೆ ಧಣಿಯಿಲ್ಲ, ವರ್ಗಣಿಯಿದೆ, ಅದಕ್ಕೇ ನಡೆದಿದೆ.

ಅಂಗಿಯನ್ನು ನೆರೆಮನೆಯ ಕೂಸಿಗೆ ಕೊಡೋಣವೆಂದೆ. “ಬ್ಯಾಡಪ್ಪಾ, ಅದು ನಮ್ಮೂರಿಂದು” ಎಂದು ಮಡಚಿಟ್ಟ.

ನಮ್ಮೂರೆಂದು ನಾನು ಧಾರವಾಡಕ್ಕೆ ಮಾತ್ರ ಅನ್ನುತ್ತಿದ್ದೆ. ಅವನು ಪುಣೆಗೆ ಅಂದ. ಆದರೆ ಕನ್ನಡದಲ್ಲೇ ಅಂದ. ನಾನು ಸುಮ್ಮನೆ ಪೆಟ್ಟಿಗೆ ಮುಚ್ಚಿದೆ.