ಕಠಿಣ ತರಬೇತಿಯ ಮೊದಲ ವಾರ

ಮೂವತ್ತರ ಆಸುಪಾಸಿನ ಬ್ಯಾಂಕ್ ನೌಕರರೊಬ್ಬರು ಈಚೆಗೆ ಗೋಡೆ ಹಿಡಿದುಕೊಂಡೇ ನನ್ನ ಕ್ಲಿನಿಕ್ಕಿನೊಳಗೆ ಬಂದರು. ಕುರ್ಚಿಯಲ್ಲಿ ಕೂರಲು ಹೋಗಿ ‘ಅಮ್ಮಾ’ ಎಂದು ಅರ್ಧಕ್ಕೇ ನಿಂತರು. ವಾರಕ್ಕೆ ಮೂರು ದಿನ ಆರೇಳು ಕಿಲೋಮೀಟರ್ ಓಡುವ ಅಭ್ಯಾಸ ಅವರದು. ಈ ಸಲ 10 ಕಿ.ಮೀ. ಓಟವನ್ನು ಒಂದು ಗಂಟೆಯೊಳಗೆ ಮುಗಿಸಲೇಬೇಕೆಂದು ಎರಡು ದಿನದ ಹಿಂದೆ ಬೆಳಗಿನ ಗುಂಪು ತರಬೇತಿಗೆ ಸೇರಿದ್ದರು. ಮೊದಲ ದಿನವೇ ಬಸ್ಕಿ, ಜಿಗಿತ, ದಂಡ, ಮತ್ತೆ ಬಸ್ಕಿ. ಹೀಗೆ ಐದು ಸುತ್ತು. ‘ಡಾಕ್ಟ್ರೇ, ಒಂದು ಇಂಜೆಕ್ಷನ್ ಹಾಕಿಬಿಡಿ, ನಾಳೆ ಮತ್ತೆ ಕ್ಲಾಸ್ ಇದೆ’ ಎಂದರು.

ನಾನು ಮೂತ್ರದ ಬಣ್ಣ ಹೇಗಿದೆ ಎಂದು ಕೇಳಿದೆ. ಸಂಕೋಚದಿಂದಲೇ ‘ಕಾಫಿ ಡಿಕಾಕ್ಷನ್ ಹಾಗಿದೆ, ನೀರು ಕಡಿಮೆ ಕುಡಿದೆನೇನೋ’ ಎಂದರು. ಇಂಜೆಕ್ಷನ್ ಹಾಕಲಿಲ್ಲ. ಚೀಟಿ ಬರೆದು, ಬಂದ ಆಟೋದಲ್ಲೇ ಆಸ್ಪತ್ರೆಗೆ ಕಳಿಸಿದೆ. ನಾಲ್ಕು ದಿನ ಸಲೈನ್ ಹರಿಸಿದ ಮೇಲೆ ಮೂತ್ರ ತಿಳಿಯಾಯಿತು. ಮೂತ್ರಪಿಂಡಗಳಿಗೆ ಧಕ್ಕೆಯಾಗಲಿಲ್ಲ.

ಅವರಿಗೆ ಆಗಿದ್ದು ರ‍್ಯಾಬ್ಡೊಮಯಲೈಸಿಸ್. ಹೆಸರು ದೊಡ್ಡದಾದರೂ ಸಂಗತಿ ಸರಳ. ವಿಪರೀತ ದಣಿದ ಸ್ನಾಯುವಿನ ಕೋಶಗಳು ಒಡೆದು, ಅವುಗಳೊಳಗಿನ ಮಯೋಗ್ಲೋಬಿನ್ ಎಂಬ ಕೆಂಪು ವಸ್ತು ರಕ್ತಕ್ಕೆ ಸೇರುತ್ತದೆ. ಅದನ್ನು ಸೋಸುವ ಮೂತ್ರಪಿಂಡದ ಸೂಕ್ಷ್ಮ ನಾಳಗಳು ಕಟ್ಟಿಕೊಳ್ಳಬಹುದು. ಎರಡನೇ ಮಹಾಯುದ್ಧದಲ್ಲಿ ಲಂಡನ್ನಿನ ಮೇಲೆ ಬಾಂಬ್ ಬಿದ್ದು, ಕುಸಿದ ಕಟ್ಟಡಗಳಡಿ ಸಿಕ್ಕವರಲ್ಲಿ ಮೂತ್ರಪಿಂಡ ಸೋಲುವುದನ್ನು ಬೈವಾಟರ್ಸ್ ಮತ್ತು ಬೀಲ್ ಎಂಬುವರು 1941ರಲ್ಲಿ ವರದಿ ಮಾಡಿದರು. ಕಟ್ಟಡ ಮೈಮೇಲೆ ಬಿದ್ದಾಗ ಆಗುವ ಹಾನಿಯನ್ನು ನಾವು ದುಡ್ಡು ಕೊಟ್ಟು, ಬೆಳಗಿನ ಐದೂವರೆಗೆ ಎದ್ದು ಹೋಗಿ ಮಾಡಿಕೊಳ್ಳುವುದು ವಿಚಿತ್ರವೇ ಸರಿ. ಇದು ಅಪರೂಪ, ನಿಜ. ಆದರೆ ಆದಾಗ ಹೆಚ್ಚಾಗಿ ಆಗುವುದು ಮೊದಲ ವಾರದಲ್ಲೇ.

‘ನಾನು ಓಡುವವನು, ನನಗೇಕೆ ಹೀಗೆ?’ ಎಂದು ಅವರು ಕೇಳಿದರು. ನನ್ನ ಉತ್ತರ: ಓಡುವವರೆಂದೇ ಹೀಗಾಯಿತು. ಏನೂ ಅಭ್ಯಾಸವಿಲ್ಲದವನು ಎರಡನೇ ಸುತ್ತಿಗೇ ಏದುಸಿರು ಬಿಟ್ಟು ಕೂತುಬಿಡುತ್ತಾನೆ. ಅವನ ಎದೆಯೇ ಅವನನ್ನು ಕಾಪಾಡುತ್ತದೆ. ಓಟಗಾರನ ಹೃದಯ, ಶ್ವಾಸಕೋಶ ಗಟ್ಟಿ. ಅವು ‘ಇನ್ನೂ ಆಗುತ್ತದೆ’ ಎನ್ನುತ್ತಿರುತ್ತವೆ. ತೊಡೆಯ ಸ್ನಾಯುವಿಗೆ ಮಾತ್ರ ಬಸ್ಕಿ ಹೊಸದು. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಇಳಿದವರಿಗೆ ಇದು ಗೊತ್ತಿರುತ್ತದೆ. ಉಸಿರು ಕಟ್ಟುವುದು ಹತ್ತುವಾಗ, ಮರುದಿನ ತೊಡೆ ಹಿಡಿದುಕೊಳ್ಳುವುದು ಇಳಿದದ್ದಕ್ಕೆ. ಹಿಗ್ಗುತ್ತಲೇ ಭಾರ ತಡೆಯುವ ಕೆಲಸ ಸ್ನಾಯುವಿಗೆ ಅತ್ಯಂತ ತ್ರಾಸದ್ದು. ಬಸ್ಕಿಯಲ್ಲಿ ಕೆಳಗಿಳಿಯುವುದು, ಜಿಗಿದು ನೆಲಕ್ಕೆ ಬರುವುದು ಎಲ್ಲವೂ ಇದೇ ಬಗೆಯವು.

ಹಾಗೆಂದು ತರಬೇತಿ ಬೇಡ ಎನ್ನುವವನು ನಾನಲ್ಲ. ಓಡುವಾಗ ಪ್ರತಿ ಹೆಜ್ಜೆಗೂ ದೇಹದ ತೂಕದ ಎರಡು ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ. ತೊಡೆ, ಪೃಷ್ಠ, ಮೀನಖಂಡ ಬಲವಾದರೆ ಅಷ್ಟೇ ಉಸಿರಿನಲ್ಲಿ ಹೆಚ್ಚು ವೇಗ ಸಿಗುತ್ತದೆ. ಬರೀ ಓಡಿ ಓಡಿ ವೇಗ ಹೆಚ್ಚದೆ ಬೇಸತ್ತವರಿಗೆ ಇಂಥ ತರಗತಿ ಒಳ್ಳೆಯದೇ. ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ ಹೇಳುತ್ತದೆ.

ನನ್ನ ತಕರಾರು ಗುಂಪಿನ ಬಗ್ಗೆ. ನಲವತ್ತಾರನೇ ವಯಸ್ಸಿನಲ್ಲಿ ನಾನೂ ಇಂಥದೊಂದಕ್ಕೆ ಸೇರಿದೆ. ಮೂರನೇ ಸುತ್ತಿಗೆ ಕಾಲು ನಡುಗುತ್ತಿತ್ತು. ಪಕ್ಕದಲ್ಲಿ ನನ್ನ ಮಗಳ ವಯಸ್ಸಿನ ಹುಡುಗಿ ನಗುನಗುತ್ತಾ ಜಿಗಿಯುತ್ತಿದ್ದಳು, ಕೋಚ್ ‘ಕಮಾನ್ ಸರ್, ಇನ್ನೊಂದೇ!’ ಎನ್ನುತ್ತಿದ್ದರು. ಎಲ್ಲ ತಿಳಿದ ವೈದ್ಯನೇ ನಿಲ್ಲಿಸಲಿಲ್ಲ, ಮಾನದ ಪ್ರಶ್ನೆ ನೋಡಿ! ಮೂರು ದಿನ ಮನೆಯ ಮೆಟ್ಟಿಲನ್ನು ಹಿಂದುಮುಂದಾಗಿ ಇಳಿದೆ. ಮೂತ್ರದ ಬಣ್ಣ ಬದಲಾಗಲಿಲ್ಲ ಎಂಬುದು ನನ್ನ ಅದೃಷ್ಟವೇ ಹೊರತು ಜಾಣತನವಲ್ಲ. ಗುಂಪು ನಮ್ಮಿಂದ ಒಂಟಿಯಾಗಿ ಆಗದ್ದನ್ನು ಮಾಡಿಸುತ್ತದೆ. ಅದಕ್ಕೆಂದೇ ನಾವು ಸೇರುವುದು. ಆದರೆ ಮೊದಲ ದಿನ ಬೇಡವಾದದ್ದೂ ಅದೇ.

ನಮ್ಮ ಗರಡಿಮನೆಗಳಲ್ಲಿ ಹೊಸ ಹುಡುಗನಿಗೆ ಉಸ್ತಾದರು ಮೊದಲ ದಿನವೇ ಹಳೇ ಪೈಲ್ವಾನರ ಲೆಕ್ಕದ ಬಸ್ಕಿ ಹೊಡೆಸುತ್ತಿರಲಿಲ್ಲ, ದಿನದಿಂದ ದಿನಕ್ಕೆ ಏರಿಸುತ್ತಿದ್ದರು. ಇದಕ್ಕೆ ಇಂದಿನ ವಿಜ್ಞಾನದ ಬೆಂಬಲವೂ ಇದೆ. ಹೊಸ ವ್ಯಾಯಾಮವನ್ನು ಸ್ವಲ್ಪವೇ ಮಾಡಿ ಒಮ್ಮೆ ಲಘುವಾಗಿ ನೋವು ಮಾಡಿಕೊಂಡರೆ ಸಾಕು, ಆ ಸ್ನಾಯು ಮುಂದಿನ ಕೆಲವು ವಾರ ಅದೇ ಪೆಟ್ಟನ್ನು ತಾಳಿಕೊಳ್ಳುತ್ತದೆ. ಲಸಿಕೆ ಹಾಕಿಸಿಕೊಂಡ ಹಾಗೆ. ಆದ್ದರಿಂದ ಮೊದಲ ತರಗತಿಯಲ್ಲಿ ಉಳಿದವರು ಐದು ಸುತ್ತು ಮಾಡಿದರೆ ನೀವು ಎರಡು ಮಾಡಿ, ಜಿಗಿತ ಬಿಡಿ. ಮುಂದಿನದಕ್ಕೆ ಎರಡು ಮೂರು ದಿನ ಬಿಡುವಿರಲಿ. ಆ ವಾರ ಓಟವನ್ನೂ ಅರ್ಧಕ್ಕಿಳಿಸಿ. ಶುರುವಾಗುವ ಮೊದಲೇ ಕೋಚ್‌ಗೆ ಇದನ್ನು ಹೇಳಿಬಿಡಿ. ಮಧ್ಯದಲ್ಲಿ ಹೇಳುವುದು ಕಷ್ಟ, ನನಗೆ ಗೊತ್ತು. ಒಪ್ಪದ ಕೋಚ್ ಸಿಕ್ಕರೆ ಬೇರೆ ತರಗತಿ ಹುಡುಕಿ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡ ಮೇಲೆ, ವ್ಯಾಯಾಮಕ್ಕೆ ಸೇರುವ ಮುಂಚೆ ಇ.ಸಿ.ಜಿ. ಮಾಡಿಸಲು ಬರುವವರು ಹೆಚ್ಚಿದ್ದಾರೆ. ನಲವತ್ತು ದಾಟಿದವರು, ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆ ಇರುವವರು, ಮನೆತನದಲ್ಲಿ ಹೃದ್ರೋಗ ಇರುವವರು ವೈದ್ಯರಿಗೆ ತೋರಿಸಿಯೇ ಸೇರಬೇಕು. ಆದರೆ ಇ.ಸಿ.ಜಿ. ಸರಿಯಿದೆ ಎಂಬುದು ಪೂರ್ಣ ಭರವಸೆಯಲ್ಲ. ವ್ಯಾಯಾಮದ ನಡುವೆ ಎದೆ ಬಿಗಿದರೆ, ತಲೆ ಸುತ್ತಿದರೆ ಅಲ್ಲೇ ನಿಲ್ಲಿಸಿ, ತಡಮಾಡದೆ ಆಸ್ಪತ್ರೆಗೆ ಹೋಗಿ. ಕೊಲೆಸ್ಟರಾಲ್‌ಗೆ ಸ್ಟ್ಯಾಟಿನ್ ಮಾತ್ರೆ ನುಂಗುತ್ತಿರುವವರ ಸ್ನಾಯುಗಳು ಇನ್ನಷ್ಟು ಸೂಕ್ಷ್ಮ. ಮಾತ್ರೆ ನೀವಾಗಿ ನಿಲ್ಲಿಸಬೇಡಿ, ಆದರೆ ತರಬೇತಿಗೆ ಸೇರುವ ವಿಷಯ ನಿಮ್ಮ ವೈದ್ಯರಿಗೆ ಗೊತ್ತಿರಲಿ. ಡೆಂಗಿಯಿಂದಲೋ ಫ್ಲೂವಿನಿಂದಲೋ ಈಗಷ್ಟೇ ಎದ್ದವರು ಸೇರುವುದನ್ನು ಮುಂದಕ್ಕೆ ಹಾಕಿ.

ಇನ್ನು ನೋವಿನ ಮಾತು. ಮರುದಿನ ಶುರುವಾಗಿ, ಎರಡನೇ ಮೂರನೇ ದಿನ ಜೋರಾಗಿ, ವಾರದೊಳಗೆ ಇಳಿಯುವ ನೋವು ಸಹಜ. ಅದಕ್ಕೆ ಲ್ಯಾಕ್ಟಿಕ್ ಆಮ್ಲ ಕಾರಣ ಎಂಬುದು ಹಳೆಯ ನಂಬಿಕೆ. ಆ ಲ್ಯಾಕ್ಟಿಕ್ ಆಮ್ಲ ತಾಸೊಪ್ಪತ್ತಿನಲ್ಲೇ ರಕ್ತದಿಂದ ಕಾಣೆಯಾಗಿರುತ್ತದೆ. ಮೆಲ್ಲಗೆ ನಡೆದಾಡಿ, ಚೆನ್ನಾಗಿ ನಿದ್ದೆ ಮಾಡಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಮೊದಲಾದವನ್ನು ಔಷಧಿ ಅಂಗಡಿಯಿಂದ ತಂದು ನುಂಗಬೇಡಿ. ದೇಹದಲ್ಲಿ ನೀರು ಕಡಿಮೆಯಾಗಿ ಸ್ನಾಯು ಒಡೆದಿರುವ ಹೊತ್ತಿನಲ್ಲಿ ಅವು ಮೂತ್ರಪಿಂಡಕ್ಕೆ ಎರಡನೇ ಏಟು ಕೊಡುತ್ತವೆ. ಆ ಬ್ಯಾಂಕ್ ನೌಕರರು ಕೇಳಿದ ಇಂಜೆಕ್ಷನ್ ಕೂಡ ಇದೇ ಜಾತಿಯದು.

ತೊಡೆಯೋ ತೋಳೋ ಊದಿ ಬಿಗಿದಿದ್ದರೆ, ಮಡಚಲು ಬಾರದಿದ್ದರೆ, ಮೂತ್ರ ಕಂದು ಬಣ್ಣಕ್ಕೆ ತಿರುಗಿದ್ದರೆ ಅಥವಾ ಕಡಿಮೆಯಾಗಿದ್ದರೆ ಅಂದೇ ಆಸ್ಪತ್ರೆಗೆ ಹೋಗಿ, ‘ಹೊಸದಾಗಿ ವ್ಯಾಯಾಮ ಶುರುಮಾಡಿದೆ’ ಎಂದು ಹೇಳಿ. ರಕ್ತದ ಸಿ.ಪಿ.ಕೆ. ಪರೀಕ್ಷೆಯಿಂದ ವಿಷಯ ಗೊತ್ತಾಗುತ್ತದೆ. ಬೇಗ ಬಂದವರಿಗೆ ಸಲೈನ್ ಸಾಕಾಗುತ್ತದೆ, ತಡವಾದವರಲ್ಲಿ ಕೆಲವರಿಗೆ ಡಯಾಲಿಸಿಸ್ ಬೇಕಾಗಬಹುದು.

ಆ ಬ್ಯಾಂಕ್ ನೌಕರರು ಆರು ವಾರ ಬಿಟ್ಟು, ರಕ್ತಪರೀಕ್ಷೆ ಸರಿಯಾದ ಮೇಲೆ, ಮತ್ತೆ ಅದೇ ತರಗತಿಗೆ ಹೋಗುತ್ತಿದ್ದಾರೆ. ಸದ್ಯಕ್ಕೆ ಎರಡೇ ಸುತ್ತು.